ಎಣ್ಣೆ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ

ಹಳೇ ಗಾಡಿಯ ಕೆಳಗೆ ಎಣ್ಣೆ ಕಂಡರೆ ನಮ್ಮ ಕಡೆ ಎರಡೇ ಮಾತು ಕೇಳಿಸ್ತದೆ. ಒಂದು, "ಹಳೇ ಗಾಡಿ ಅಂದ್ಮೇಲೆ ಅಷ್ಟು ಇದ್ದದ್ದೇ, ಬಿಡಿ." ಇನ್ನೊಂದು, "ಗೇರ್‌ಬಾಕ್ಸ್ ಇಳಿಸ್ಬೇಕು." ಎರಡನ್ನೂ ನಾನು ಒಪ್ಪುವುದಿಲ್ಲ. ಎರಡೂ ಹುಡುಕುವ ಮೊದಲೇ ಆಡುವ ಮಾತುಗಳು.

ನಮ್ಮನೆ ಡೀಸೆಲ್ ಜೀಪು ಇಪ್ಪತ್ತು ವರ್ಷ ದಾಟಿದ್ದು. ತೋಟಕ್ಕೆ ಗೊಬ್ಬರ, ಶಿರಸಿ ಪೇಟೆಗೆ ಅಡಿಕೆ ಚೀಲ, ಕುಮಟೆಯ ನೆಂಟರ ಮನೆ ಎಲ್ಲದಕ್ಕೂ ಅದೇ. ಕಳೆದ ಮಳೆಗಾಲದಲ್ಲಿ ಅದು ಎಣ್ಣೆ ಬಿಡಲು ಶುರುಮಾಡಿತು. ವಿಚಿತ್ರ ಏನೆಂದರೆ, ದಿನವಿಡೀ ನಿಂತಿದ್ದರೆ ಒಂದು ಹನಿಯೂ ಇಲ್ಲ. ಕುಮಟೆಗೆ ಹೋಗಿ ದೇವಿಮನೆ ಘಟ್ಟ ಹತ್ತಿ ಮನೆಗೆ ಬಂದು ನಿಲ್ಲಿಸಿದರೆ ಮಾತ್ರ ಅಂಗಳದಲ್ಲಿ ಅಂಗೈಯಗಲ ಕಪ್ಪು. ಸುಗ್ಗಿ ಬಂದರೆ ಅದೇ ಅಂಗಳದಲ್ಲಿ ಅಡಿಕೆ ಒಣಗಬೇಕು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಮಟ್ಟವೂ ಇಳಿಯುತ್ತಿತ್ತು.

ಹನಿ ಬೀಳುತ್ತಿದ್ದದ್ದು ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ, ಬೆಲ್ ಹೌಸಿಂಗ್ ತಳದಿಂದ. ಹಾಗಾಗಿ ಬಗ್ಗಿ ನೋಡಿದವರೆಲ್ಲ ಕ್ರ್ಯಾಂಕಿನ, ಅಂದರೆ ಎಂಜಿನ್ನಿನ ಮುಖ್ಯ ತಿರುಗುವ ದಂಡದ, ಹಿಂದಿನ ಆಯಿಲ್ ಸೀಲ್ ಹೋಗಿದೆ ಅಂದರು. ಆ ಸೀಲಿನ ಬೆಲೆ ಹೆಚ್ಚೇನಲ್ಲ. ಆದರೆ ಅದನ್ನು ಮುಟ್ಟಬೇಕಾದರೆ ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟು, ಫ್ಲೈವೀಲು ಎಲ್ಲ ತೆಗೆಯಬೇಕು. ಸೀಲಿಗಿಂತ ಎಷ್ಟೋ ಪಟ್ಟು ಕೂಲಿ.

ಕುಮಟೆಯಲ್ಲಿ ಒಬ್ಬ ಮೆಕ್ಯಾನಿಕ್ ಮಾತ್ರ ಬೇರೆ ಹೇಳಿದರು. "ಹೆಗಡೇರೆ, ಗೇರ್‌ಬಾಕ್ಸ್ ಇಳಿಸುದು ದೊಡ್ಡ ಮಾತಲ್ಲ. ಇಳಿಸಿ ಸೀಲ್ ಹಾಕಿದ್ಮೇಲೂ ಎಣ್ಣೆ ಬಿತ್ತು ಅಂದ್ರೆ ನಿಮ್ಗೆ ಮುಖ ತೋರ್ಸುದು ಹ್ಯಾಂಗೆ? ಗಾಡಿ ಇವತ್ತು ಇಲ್ಲೇ ಬಿಡಿ."

ಅವರು ಮಾಡಿದ ಮೊದಲ ಕೆಲಸ ನೋಡಿಯೇ ನನಗೆ ಅವರ ಮೇಲೆ ಗೌರವ ಬಂತು. ಬೆಲ್ ಹೌಸಿಂಗಿನ ತಳದಲ್ಲಿ ಒಂದು ತೂತು ಇರ್ತದೆ, ಒಳಗೆ ಸೋರಿದ್ದು ಹೊರಗೆ ಬರಲಿ ಅಂತಲೇ ಕೊಟ್ಟದ್ದು. ತಂತಿಯ ತುದಿಗೆ ಬಿಳಿ ಬನಿಯನ್ ಚಿಂದಿ ಸುತ್ತಿ ಆ ತೂತಿನೊಳಗೆ ತೂರಿಸಿ, ತಿರುಗಿಸಿ ತೆಗೆದರು. ಬಂದದ್ದು ಕ್ಲಚ್ಚಿನ ಒಣ ಬೂದು ಧೂಳು. ಹಿಂದಿನ ಸೀಲ್ ಸೋರುತ್ತಿದ್ದರೆ ಆ ಚಿಂದಿ ಎಂಜಿನ್ ಎಣ್ಣೆಯಲ್ಲಿ ಕಪ್ಪಾಗಿ ಬರಬೇಕಿತ್ತು. ಗೇರ್‌ಬಾಕ್ಸಿನ ಮುಂದಿನ ಸೀಲ್ ಆಗಿದ್ದರೆ ಗೇರ್ ಆಯಿಲಿನ ಗಂಧಕದ ವಾಸನೆ ಹೊಡೆಯಬೇಕಿತ್ತು. ಒಳಗೆ ಒಣ, ಹೊರಗೆ ಒದ್ದೆ. ಅಂದರೆ ಎಣ್ಣೆ ಬೇರೆಲ್ಲಿಂದಲೋ ಹೊರಗಿನಿಂದ ಹರಿದು ಬಂದು ಇಲ್ಲಿ ತೊಟ್ಟಿಕ್ಕುತ್ತಿದೆ. ಗೇರ್‌ಬಾಕ್ಸ್ ಇಳಿಸುವ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ತೊಳೆದರು. ಡೀಸೆಲ್ ಹಾಕಿ ಬ್ರಷ್ಷಿನಲ್ಲಿ ತಿಕ್ಕಿ, ವರ್ಷಗಟ್ಟಲೆಯ ಜಿಡ್ಡು ಕಿತ್ತು, ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಿದರು. ಇದನ್ನು ಮಾಡದೇ ಸೋರಿಕೆ ಹುಡುಕುತ್ತೇನೆ ಅನ್ನುವವರನ್ನು ನಂಬಬೇಡಿ. ಹಳೇ ಜಿಡ್ಡಿನ ಮೇಲೆ ಹೊಸ ಎಣ್ಣೆಯ ದಾರಿ ಯಾರಿಗೂ ಕಾಣುವುದಿಲ್ಲ. ಒಣಗಿದ ಎಂಜಿನ್ ಮೈಗೆಲ್ಲ ಮಕ್ಕಳಿಗೆ ಹಾಕುವ ಪೌಡರ್ ಉದುರಿಸಿದರು. ಈಗ ಎಣ್ಣೆಗೆ ಬೆರೆಸುವ ಬಣ್ಣ, ಅದನ್ನು ನೋಡುವ ನೇರಳೆ ಬೆಳಕಿನ ಟಾರ್ಚ್ ಎಲ್ಲ ಸಿಗ್ತದೆ, ಅವೂ ಒಳ್ಳೆಯವೇ. ನಮ್ಮ ಕೆಲಸ ಪೌಡರಿನಲ್ಲೇ ಆಯಿತು.

ನಿಂತಲ್ಲೇ ಎಂಜಿನ್ ಓಡಿಸಿದಾಗ ಏನೂ ಕಾಣಲಿಲ್ಲ. ಘಟ್ಟದ ಕಡೆ ಹೋಗಿ ಏರಿನಲ್ಲಿ ಎಳೆಸಿ ವಾಪಸ್ ಬಂದು ಬಾನೆಟ್ ಎತ್ತಿದಾಗ ಬಿಳಿ ಪೌಡರಿನ ಮೇಲೆ ಕಪ್ಪು ದಾರಿ ಮೂಡಿತ್ತು. ಅದರ ಮೂಲ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಹಿಂಬದಿ. ಅಲ್ಲಿಂದ ಫ್ಯಾನ್ ಗಾಳಿಗೆ ಹಿಂದಕ್ಕೆ ಚದುರಿ, ಬ್ಲಾಕಿನ ಮೈಗುಂಟ ಇಳಿದು, ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಚೇಂಬರಿನ ಅಂಚು ಹಿಡಿದು, ಬೆಲ್ ಹೌಸಿಂಗ್ ತಳಕ್ಕೆ ಬಂದು ನೆಲಕ್ಕೆ ಬೀಳುತ್ತಿತ್ತು.

ಆಲ್ಟರ್ನೇಟರಿಗೂ ಎಂಜಿನ್ ಎಣ್ಣೆಗೂ ಏನು ಸಂಬಂಧ ಅಂತ ಕೇಳಬಹುದು. ಪೆಟ್ರೋಲ್ ಗಾಡಿಯಲ್ಲಿ ಬ್ರೇಕ್ ಹಗುರ ಮಾಡುವ ಬೂಸ್ಟರಿಗೆ ಬೇಕಾದ ನಿರ್ವಾತ ಎಂಜಿನ್ ಗಾಳಿ ಎಳೆಯುವಾಗಲೇ ಸಿಗ್ತದೆ. ಹಳೇ ಡೀಸೆಲ್ ಎಂಜಿನ್ನಿಗೆ ಗಾಳಿ ತಡೆಯುವ ಥ್ರಾಟಲ್ ಇಲ್ಲ, ಹಾಗಾಗಿ ಆ ನಿರ್ವಾತಕ್ಕೆ ಬೇರೆ ಪಂಪ್ ಬೇಕು. ನಮ್ಮ ಕಡೆ ಓಡುವ ಎಷ್ಟೋ ಹಳೇ ಜೀಪು, ಸುಮೋ, ಬೊಲೆರೊಗಳಲ್ಲಿ ಆ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಕೂತಿರ್ತದೆ, ಅದೇ ಶಾಫ್ಟಿನಲ್ಲಿ ತಿರುಗ್ತದೆ. ಎಂಜಿನ್ನಿಂದ ಸಣ್ಣ ಪೈಪಿನಲ್ಲಿ ಎಣ್ಣೆ ಬಂದು ಪಂಪಿನ ಒಳಗನ್ನು ನೆನೆಸಿ, ಎಳೆದ ಗಾಳಿಯ ಜೊತೆಗೆ ದಪ್ಪ ಹೋಸಿನಲ್ಲಿ ಚೇಂಬರಿಗೆ ವಾಪಸ್ ಹೋಗ್ತದೆ. ಎಂಜಿನ್ ನಿಂತರೆ ಈ ಓಡಾಟವೂ ನಿಂತಿತು. ನಿಂತ ಗಾಡಿ ಸೋರದೇ ಇದ್ದದ್ದು ಇದಕ್ಕೇ.

ನಮ್ಮ ಜೀಪಿನಲ್ಲಿ ಸೀಳಿದ್ದು ಆ ದಪ್ಪ ಹೋಸು. ಬೆರಳಲ್ಲಿ ಒತ್ತಿದರೆ ಉಬ್ಬಿದ ರಬ್ಬರು ಮೆತ್ತಗೆ ಒಳಗೆ ಹೋಗುತ್ತಿತ್ತು. ಕ್ಲಿಪ್ಪಿನ ಕೆಳಬದಿ, ಕಣ್ಣಿಗೆ ಬೀಳದ ಕಡೆ, ಉಗುರಿನಷ್ಟುದ್ದದ ಸೀಳು. ಹಿಂದೆ ಯಾವಾಗಲೋ ಯಾರೋ ರೇಡಿಯೇಟರ್ ನೀರಿನ ಹೋಸನ್ನು ಕತ್ತರಿಸಿ ಅಲ್ಲಿಗೆ ಹಾಕಿದ್ದರು. ನೀರಿನ ಹೋಸಿನ ರಬ್ಬರು ಬಿಸಿ ಎಣ್ಣೆ ತಡೆಯುವುದಿಲ್ಲ, ಉಬ್ಬಿ ಕೊಳೆತ ಹಾಗಾಗ್ತದೆ. ಆ ಜಾಗಕ್ಕೆ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನ ಹೋಸೇ ಬೇಕು. ಅಂಗಡಿಯಲ್ಲಿ ಅಳತೆ ಮಾತ್ರ ಹೇಳಬೇಡಿ, ಆಯಿಲ್ ಹೋಸ್ ಅಂತ ಹೇಳಿಯೇ ತನ್ನಿ.

ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ. ಡೀಸೆಲ್ ಉಳೀತದೆ ಅಂತ ಘಟ್ಟ ಇಳಿಯುವಾಗ ಎಂಜಿನ್ ಬಂದ್ ಮಾಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಪಂಪ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿದ ನಿರ್ವಾತ ನಾಲ್ಕು ಸಲ ಬ್ರೇಕ್ ಒತ್ತುವುದರೊಳಗೆ ಖಾಲಿ, ಆಮೇಲೆ ಪೆಡಲ್ ಕಲ್ಲು.

ನಮ್ಮ ಮೆಕ್ಯಾನಿಕ್ ಹೋಸು ಹಾಕಿ ಕೈ ತೊಳೆಯಲಿಲ್ಲ. ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಬಿಚ್ಚಿ ನೋಡಿದರು. ಮಳೆಗಾಲದಲ್ಲಿ ಗಾಡಿ ಬಿಸಿಯಾಗುವಷ್ಟೂ ಓಡದೇ ಪೇಟೆಗೆ ಹೋಗಿ ಬಂದು ಮಾಡಿದರೆ ಒಳಗಿನ ತೇವ ಎಣ್ಣೆಗೆ ಸೇರಿ ಬಿಳಿ ಕೆಸರಾಗಿ ಬ್ರೀದರಿನಲ್ಲಿ ಕೂರ್ತದೆ. ಬ್ರೀದರ್ ಕಟ್ಟಿದರೆ ಒಳಗಿನ ಒತ್ತಡಕ್ಕೆ ಹೊರಗೆ ಹೋಗಲು ದಾರಿಯಿಲ್ಲ, ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಎಣ್ಣೆ ದೂಡ್ತದೆ. ಹೊಸ ಸೀಲ್ ಹಾಕಿ ಮೂರು ತಿಂಗಳಿಗೆ ಮತ್ತೆ ಸೋರುವ ಗಾಡಿಗಳಲ್ಲಿ ಮೊದಲು ಇದನ್ನೇ ನೋಡಬೇಕು. ಎಂಜಿನ್ ಓಡುವಾಗ ಎಣ್ಣೆ ಹಾಕುವ ಮುಚ್ಚಳ ಸಡಿಲಿಸಿ, ಹೊಗೆ ಬುಸುಗುಟ್ಟಿಕೊಂಡು ಬಂದರೆ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನ ಒತ್ತಡ ಪಿಸ್ಟನ್ ದಾಟಿ ಕೆಳಗೆ ನುಗ್ಗುತ್ತಿದೆ ಅಂತ. ಅದಕ್ಕೆ ಸೀಲ್ ಮದ್ದಲ್ಲ. ಸಿಲಿಕಾನ್ ಪೇಸ್ಟ್ ಬಳಿಯುವುದಂತೂ ಬೇಡವೇ ಬೇಡ, ಒಳಕ್ಕೆ ಹಿಂಡಿದ ಪೇಸ್ಟ್ ಚೂರಾಗಿ ಚೇಂಬರಿನ ಜರಡಿಗೆ ಸಿಕ್ಕಿದರೆ ಎಂಜಿನ್ನೇ ಹೋಗ್ತದೆ.

ಇಷ್ಟೆಲ್ಲ ಬರೆದದ್ದು ದುಡ್ಡಿನ ವಿಷಯಕ್ಕೆ. ಸಂಜೆ ಲೆಕ್ಕ ಕೇಳಿದರೆ ಅವರು ಹೇಳಿದ್ದು ಹೋಸು, ಎರಡು ಕ್ಲಿಪ್ಪು, ಮೇಲೆ ಹಾಕಿದ ಎಣ್ಣೆ, ಹೋಸು ಬದಲಿಸಿದ ಕೂಲಿ. ಇಡೀ ದಿನ ತೊಳೆದು, ಒಣಗಿಸಿ, ಓಡಿಸಿ, ಹುಡುಕಿದ್ದಕ್ಕೆ ಏನೂ ಇಲ್ಲ. ಕೇಳಿದರೆ, "ಹುಡುಕಿದ್ದಕ್ಕೆ ದುಡ್ಡು ಯಾರ್ ಕೊಡ್ತಾರೆ ಹೆಗಡೇರೆ? ಸಾಮಾನು ಎಂತ ಹಾಕಿದ್ರಿ ಅಂತ ಕೇಳ್ತಾರೆ" ಅಂದರು.

ತಪ್ಪು ಗಿರಾಕಿಗಳದ್ದೇ. ಡಾಕ್ಟರಿಗೆ ನೋಡಿದ್ದಕ್ಕೇ ಫೀ ಕೊಡುವ ನಾವು ಗ್ಯಾರೇಜಿನಲ್ಲಿ ಸಾಮಾನಿಗಷ್ಟೇ ಕೊಡ್ತೇವೆ. ಹಾಗಿದ್ದಮೇಲೆ ಸಾಮಾನು ಹಾಕುವ ಕೆಲಸವನ್ನೇ ಅವರು ಮೊದಲು ಹೇಳುವುದರಲ್ಲಿ ಆಶ್ಚರ್ಯ ಇಲ್ಲ. ಹುಡುಕುವವರಿಗೆ ಹೊಟ್ಟೆ ತುಂಬದಿದ್ದರೆ ನಾಳೆ ಹುಡುಕುವವರೇ ಇರುವುದಿಲ್ಲ.

ಬಿಲ್ಲಿನಲ್ಲಿ "ಸೋರಿಕೆ ಹುಡುಕಿದ ಕೂಲಿ" ಅಂತ ಬೇರೆ ಸಾಲು ಬರೆಯಿರಿ, ಒಂದು ದಿನದ ಪೂರ್ತಿ ಸಂಬಳ ಹಾಕಿ ಅಂದೆ. ಬೇಡ ಬೇಡ ಅಂದರೂ ಬರೆಸಿದೆ. ಕುಮಟೆ, ಶಿರಸಿ, ಕಾರವಾರದ ಗ್ಯಾರೇಜಿನವರು ಇದನ್ನು ಓದುತ್ತಿದ್ದರೆ, ಆ ಸಾಲನ್ನು ನಿಮ್ಮ ಬಿಲ್ ಪುಸ್ತಕದಲ್ಲೇ ಅಚ್ಚು ಹಾಕಿಸಿ.