ಫಿಟ್ ಅಂತೆ ನಾನು!

ಫಿಟ್. ಇವತ್ತು ನಮ್ಮ ಚಪ್ಪಲಿ-ಶೂ ಫ್ಯಾಕ್ಟರಿಯಲ್ಲಿ ಆರೋಗ್ಯ ತಪಾಸಣೆ ಇತ್ತು, ಡಾಕ್ಟರ್ ಫಾರಂನಲ್ಲಿ ಅಷ್ಟು ಬರೆದು ಟಪ್ ಅಂತ ಸೀಲ್ ಒತ್ತಿದರು. ಮನೆಗೆ ಬಂದು ಎಷ್ಟೋ ಹೊತ್ತಾಯಿತು, ಸಿಟ್ಟು ಇಳಿಯುತ್ತಿಲ್ಲ. ಇದನ್ನು ಟೈಪ್ ಮಾಡುತ್ತಿಲ್ಲ, ಫೋನಿಗೆ ಮಾತಾಡಿ ಬರೆಸುತ್ತಿದ್ದೇನೆ. ಬೆರಳು ಅಕ್ಷರದ ಮೇಲೆ ಬಿತ್ತೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ. ತಪ್ಪು ಕಂಡರೆ ಫೋನಿಗೇ ಬೈಯಿರಿ.

ನನ್ನ ಸರದಿ ಬಂದಾಗ ಡಾಕ್ಟರಿಗೆ ಎಲ್ಲ ಸರಿಯಾಗಿ ಹೇಳಬೇಕು ಅಂತ ಮನಸ್ಸಿನಲ್ಲಿ ಜೋಡಿಸಿಕೊಂಡೇ ಹೋಗಿದ್ದೆ. ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತದೆ, ಎದ್ದು ಕೂತು ಕೈ ಒದರಿದರೆ ಸ್ವಲ್ಪ ಹಗುರ. ಬೆರಳ ತುದಿಯಲ್ಲಿ ಚುಳುಚುಳು. ಕಾಲಿನ ಬೆರಳಲ್ಲೂ ಅದೇ. ಇಷ್ಟೇ. ಅರ್ಧ ನಿಮಿಷದ ಮಾತು. ನಾನು 'ಕೈ ಜೋಮು' ಅನ್ನುವಷ್ಟರಲ್ಲೇ ಅವರು ತಲೆ ಎತ್ತದೆ ಕೇಳಿದರು, "ಮೊಬೈಲ್ ಜಾಸ್ತಿ ನೋಡ್ತೀರಾ?"

ಹಿಂದೆ ನಿಂತಿದ್ದವರು ನಕ್ಕರು. ಸೂಪರ್‌ವೈಸರ್ ಅಂತೂ ಜೋರಾಗಿಯೇ ನಕ್ಕ.

ಕಾಲೂ ಜೋಮು ಹಿಡಿಯುತ್ತದೆ ಅಂತ ಹೇಳಿದೆ. "ವಯಸ್ಸು" ಎಂದರು. ಅಲ್ಲ ಸ್ವಾಮಿ, ಮೊಬೈಲನ್ನು ನಾನು ಕಾಲಿನಲ್ಲಿ ಹಿಡಿದುಕೊಂಡು ನೋಡುತ್ತೇನಾ? ಈ ಮಾತು ಆಗಲೇ ಬಾಯಿಗೆ ಬರಬೇಕಿತ್ತು. ಬಸ್ಸಿನಲ್ಲಿ ಬಂತು. ಒಬ್ಬಳೇ ಗೊಣಗಿಕೊಂಡೆ, ಪಕ್ಕದ ಹೆಂಗಸು ಸೀಟು ಬದಲಾಯಿಸಿದಳು.

ಇದಾದ ಮೇಲೆ ಆ ಗುಂಡಿ. ಬಿಪಿ ನೋಡಲು ಯೂನಿಫಾರಂ ಕೋಟಿನ ತೋಳು ಮೇಲಕ್ಕೆ ಸರಿಸಿದ್ದೆ. ಇಳಿಸಿ ಗುಂಡಿ ಹಾಕಲು ಹೋದರೆ ಅದು ಕಾಜಾದೊಳಗೆ ಹೋಗುತ್ತಿಲ್ಲ. ಗುಂಡಿ ಬೆರಳಿಗೆ ಸಿಕ್ಕಿದೆ ಅಂತ ಕಣ್ಣು ಹೇಳುತ್ತದೆ, ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ತಳ್ಳಿದೆ, ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಹಲ್ಲಿನಲ್ಲಿ ಕಚ್ಚಿ ಎಳೆಯೋಣ ಅನ್ನಿಸಿತು, ಅಷ್ಟು ಜನರ ಮುಂದೆ ನಾಚಿಕೆ. ಹಿಂದಿನಿಂದ ಯಾರೋ "ಬೇಗ ಅಕ್ಕಾ, ಲೈನ್ ನಿಂತಿದೆ" ಅಂದರು. ಬೆವರು ಬಂತು. ಬೆವರಿಗೆ ಇನ್ನೂ ಜಾರಿತು. ಆಗ ಎಚ್‌ಆರ್ ಹುಡುಗ, ನನ್ನ ಮಗನ ವಯಸ್ಸಿನವನು, ಬಂದು ನನ್ನ ಕೈ ಹಿಡಿದು "ಕೊಡಿ ಅಕ್ಕಾ, ನಾನು ಹಾಕ್ತೀನಿ" ಅಂತ ಗುಂಡಿ ಹಾಕಿದ. ಶಾಲೆಗೆ ಹೋಗುವ ಮಗುವಿಗೆ ಹಾಕಿದ ಹಾಗೆ. ಹಾಕಿ ಕೈ ತಟ್ಟಿದ ಬೇರೆ. ನಾನು ಏನಂದೆ ಗೊತ್ತಾ? "ಥ್ಯಾಂಕ್ಸ್ ಸರ್." ಸರ್ ಅಂತೆ! ನನ್ನ ಬಾಯಿಗೆ ಮಾತ್ರ ಯಾವ ಜೋಮೂ ಇಲ್ಲ ನೋಡಿ, ಬೇಡದ ಕಡೆ ಚೆನ್ನಾಗಿ ಓಡುತ್ತದೆ.

ಇಷ್ಟೂ ಆ ಡಾಕ್ಟರ್ ಕಣ್ಣೆದುರೇ ಆಯಿತು. ನೋಡುತ್ತಲೇ ಪೆನ್ನು ತೆಗೆದುಕೊಂಡು 'ಫಿಟ್' ಬರೆದರು.

ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನು ಬೇಕಿತ್ತು? ನರದ ಡಾಕ್ಟರ ಹತ್ತಿರ ಹೋದರೆ ಅವರೂ ಇಂಥದ್ದನ್ನೇ ಕೇಳುತ್ತಾರೆ, ಗುಂಡಿ ಹಾಕಲು ಆಗುತ್ತದಾ, ಸಣ್ಣ ವಸ್ತು ಕೈಯಿಂದ ಬೀಳುತ್ತದಾ ಅಂತ. ಎರಡೂ ಮಣಿಕಟ್ಟು ಮಡಚಿ ಒಂದು ನಿಮಿಷ ಹಿಡಿಯಿರಿ, ಜೋಮು ಬರುತ್ತದಾ ನೋಡೋಣ ಅಂತ ಹೇಳಬಹುದಿತ್ತು. ಅದಕ್ಕೆ ಮಷಿನ್ ಬೇಡ, ಖರ್ಚಿಲ್ಲ. ಯಾವ ಬೆರಳು ಅಂತಲಾದರೂ ಕೇಳಬಹುದಿತ್ತು. ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಾದ ಕೊಳವೆ ಇದೆ. ಬೆರಳು ಮಡಚುವ ಒಂಬತ್ತು ಹುರಿಗಳು ಮತ್ತು ಒಂದು ನರ ಅದರಲ್ಲೇ ತೂರಿ ಹೋಗಬೇಕು. ಬ್ರಷ್ ಹಿಡಿದು, ಮಣಿಕಟ್ಟು ಬಗ್ಗಿಸಿ, ದಿನವಿಡೀ ಅಟ್ಟೆಗೆ ಸೊಲ್ಯೂಷನ್, ಅಂದರೆ ಅಂಟು, ಎಳೆಯುತ್ತಿದ್ದರೆ ಆ ಜಾಗ ಊದುತ್ತದೆ, ಒತ್ತಡ ಎಲ್ಲ ನರದ ಮೇಲೆ. ಅದು ಮಾತ್ರ ಆಗಿದ್ದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಜೋಮು ಹಿಡಿಯುತ್ತದೆ. ಕಿರುಬೆರಳು ಉಳಿದುಕೊಳ್ಳುತ್ತದೆ, ಅದರ ನರವೇ ಬೇರೆ. ನನಗೆ ಕಿರುಬೆರಳೂ ಜೋಮು. ಎರಡೂ ಕೈ, ಎರಡೂ ಕಾಲು. ಹಾಗಾದರೆ ಇನ್ನೇನೋ ಇದೆ ಅಂತ ಆಯಿತಲ್ವಾ? ಓದಿದವರಿಗೆ ಇಷ್ಟು ಹೊಳೆಯಬೇಡವಾ?

ಆ ಇನ್ನೇನೋ ಅಂಟಿನ ಡಬ್ಬಿಯಲ್ಲಿದೆ.

ಡಬ್ಬಿಯ ಚೀಟಿ ಅರ್ಧ ಹರಿದಿದೆ. 'ಹೆಕ್ಸೇ' ಅಂತ ಓದಬಹುದು, ಮುಂದಿನದು ಇಲ್ಲ. ಹೆಕ್ಸೇನ್ ಇರಬೇಕು, ಅಂಟನ್ನು ಕರಗಿಸಿಡುವ, ಬೇಗ ಆವಿಯಾಗುವ ದ್ರವ. ಪಕ್ಕದಲ್ಲಿ ಕೆಂಪು ಚೌಕದೊಳಗೆ ಒಬ್ಬ ಮನುಷ್ಯ, ಅವನ ಎದೆಯಲ್ಲಿ ನಕ್ಷತ್ರ ಸಿಡಿದ ಹಾಗೆ ಒಂದು ಗುರುತು. ನಮ್ಮ ಲೈನಿನಲ್ಲಿ ಅವನಿಗೆ ಹೀರೋ ಅಂತ ಹೆಸರಿಟ್ಟಿದ್ದೇವೆ. ಆ ಹೀರೋ ಇದ್ದರೆ ಈ ವಸ್ತು ಒಳಗಿನ ಅಂಗಗಳಿಗೆ ಬಹಳ ಕಾಲ ಕಾಡುವಂಥ ತೊಂದರೆ ಕೊಡಬಹುದು ಅಂತ ಅರ್ಥ. ಹೆಕ್ಸೇನ್ ಉಸಿರಿನಲ್ಲಿ ಒಳಗೆ ಹೋದರೆ ಲಿವರ್ ಅದನ್ನು 2,5-ಹೆಕ್ಸೇನ್‌ಡಯೋನ್ ಅನ್ನುವ ವಸ್ತುವಾಗಿ ಮಾಡುತ್ತದೆ. ನರ ಕೆಡಿಸುವುದು ಅದು. ಉದ್ದ ನರಗಳಿಗೆ ಮೊದಲು ಏಟು, ಅದಕ್ಕೇ ಕಾಲಿನ ಬೆರಳು, ಕೈಬೆರಳು. 1960ರ ದಶಕದಲ್ಲೇ ಜಪಾನಿನಲ್ಲಿ ಚಪ್ಪಲಿ ಅಂಟಿಸುವವರಿಗೆ ಹೀಗಾಗಿತ್ತು. ಇಟಲಿಯ ಶೂ ಕೆಲಸದವರಿಗೂ ಆಗಿದೆ. ಹೊಸ ವಿಷಯ ಏನಲ್ಲ ಇದು.

ಕೇಳಿ ತಮಾಷೆ. ಶಿಫ್ಟ್ ಮುಗಿಯುವಾಗ ಮೂತ್ರ ಪರೀಕ್ಷೆ ಮಾಡಿದರೆ ಆ ಹೆಕ್ಸೇನ್‌ಡಯೋನ್ ಎಷ್ಟಿದೆ ಅಂತ ಗೊತ್ತಾಗುತ್ತದೆ. ಇವತ್ತು ನಮ್ಮೆಲ್ಲರ ಮೂತ್ರ ತೆಗೆದುಕೊಂಡರು. ಬೆಳಿಗ್ಗೆ. ಸಕ್ಕರೆ ನೋಡಲು! ನನಗೆ ಸಕ್ಕರೆ ಇಲ್ಲವಂತೆ. ಸಂತೋಷ.

ಗಾಳಿಯಲ್ಲಿ ಎಷ್ಟಿದೆ ಅಂತಾದರೂ ಅಳೆದಿದ್ದಾರಾ? ನಾನು ಬಂದಾಗಿನಿಂದ ಅಳೆಯುವ ಯಂತ್ರ ಕಂಡವಳಲ್ಲ. ಅಳೆದರೂ ಯಾವ ಮಿತಿ ಹಿಡಿಯುತ್ತಾರೋ. ಅಮೆರಿಕದ ಕಾನೂನು ಇದಕ್ಕೆ 500 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 500 ಭಾಗದ ತನಕ ಬಿಡುತ್ತದೆ, ಅದೇ ದೇಶದ ತಜ್ಞರ ಸಂಘ 50 ಸಾಕು ಅನ್ನುತ್ತದೆ. ಹತ್ತು ಪಟ್ಟು ವ್ಯತ್ಯಾಸ! ಒಂದೇ ನರ, ಒಂದೇ ವಿಷ.

ಮಾಸ್ಕ್ ಕೊಟ್ಟಿದ್ದೇವಲ್ಲ ಅಂತಾರೆ. ಬಟ್ಟೆ ಮಾಸ್ಕು. ಧೂಳಿಗೇ ಸಾಲದು, ಆವಿಗೆ ಏನು ಮಾಡುತ್ತದೆ? ಎನ್95 ಕೂಡ ಆವಿಯನ್ನು ತಡೆಯುವುದಿಲ್ಲ, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಇನ್ನು ಫ್ಯಾನು. ಸೂರಿನ ಹತ್ತಿರ ಒಂದು ಎಕ್ಸಾಸ್ಟ್ ಗಿರಗಿರ ತಿರುಗುತ್ತದೆ. ಆವಿ ಅಲ್ಲಿಗೆ ಹೋಗುವ ಮೊದಲು ನಮ್ಮ ಮೂಗಿನ ಮುಂದೆಯೇ ಹಾದು ಹೋಗಬೇಕಲ್ಲ. ಎಳೆಯುವ ಕೊಳವೆ ಮೇಜಿನ ಪಕ್ಕದಲ್ಲಿ, ಡಬ್ಬಿಯ ಹತ್ತಿರ ಇರಬೇಕು. ಹೇಳಿದರೆ "ಮೊದಲು ವಾಸನೆ ಬರ್ತಿತ್ತು, ಈಗ ಬರಲ್ಲ ಅಲ್ವಾ ಅಕ್ಕಾ?" ಅನ್ನುತ್ತಾನೆ ಸೂಪರ್‌ವೈಸರ್. ಬರುವುದಿಲ್ಲ, ಯಾಕೆಂದರೆ ಮೂಗು ಸೋತಿದೆ. ಹೊಸದಾಗಿ ಸೇರಿದ ಹುಡುಗಿ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಾಳೆ.

ಅವನ ಮೇಲೆ ಕೂಗಾಡಿ ಏನು ಬರುತ್ತದೆ? ಅವನಿಗೂ ಮೇಲಿನವರು ಟಾರ್ಗೆಟ್ ಕೊಡುತ್ತಾರೆ. ಡಾಕ್ಟರಿಗೂ ಅಷ್ಟು ಜನರನ್ನು ಊಟದ ಹೊತ್ತಿನೊಳಗೆ ಮುಗಿಸಬೇಕು. ಕೈ ಒಂದು ದಿನ ಹೋಗುತ್ತದೆ, ಎಲ್ಲರದ್ದೂ ಹೋಗುತ್ತದೆ, ನನ್ನದು ಬೇಗ ಹೋಯಿತು ಅಷ್ಟೇ. ಸುಮ್ನೆ ಇರೋಣ ಅನ್ನಿಸುತ್ತದೆ.

ಇಲ್ಲ. ಸುಮ್ನೆ ಯಾಕಿರಬೇಕು? ಹಾಗೆಲ್ಲ ಬೇಗ ಹೋಗಲು ಇದೇನು ನನ್ನ ಹಣೆಬರಹವಾ?

1700ರಲ್ಲಿ ಇಟಲಿಯಲ್ಲಿ ಬರ್ನಾರ್ಡಿನೊ ರಾಮಾಜಿನಿ ಅನ್ನುವ ಡಾಕ್ಟರ್ ಇದ್ದರು. ಬಡವರನ್ನು ನೋಡಲು ಹೋದಾಗ ಉಳಿದ ಪ್ರಶ್ನೆಗಳ ಜೊತೆಗೆ, ನೀನು ಏನು ಕೆಲಸ ಮಾಡುತ್ತೀ ಅಂತಲೂ ಕೇಳಿ ಅಂತ ಉಳಿದ ಡಾಕ್ಟರಿಗೆಲ್ಲ ಬರೆದಿಟ್ಟರು. ಒಂದೇ ಪ್ರಶ್ನೆ. 300 ವರ್ಷ ದಾಟಿತು. ಇವತ್ತು ಫ್ಯಾಕ್ಟರಿಯೊಳಗೇ ಕುರ್ಚಿ ಹಾಕಿಕೊಂಡು, ಫ್ಯಾಕ್ಟರಿಯ ವಾಸನೆಯಲ್ಲೇ ಕೂತು, ನನ್ನ ಯೂನಿಫಾರಂ ನೋಡಿಕೊಂಡು, ಆ ಒಂದು ಪ್ರಶ್ನೆ ಕೇಳಲಿಲ್ಲ. ಮೊಬೈಲ್ ಕೇಳಿದರು, ಮನೆಯಲ್ಲಿ ಬಟ್ಟೆ ಕೈಯಲ್ಲೇ ಒಗೆಯುತ್ತೀರಾ ಅಂತ ಕೇಳಿದರು, ಮಕ್ಕಳೆಷ್ಟು ಕೇಳಿದರು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅನ್ನುವವರು 2010ರಲ್ಲಿ ಪರಿಷ್ಕರಿಸಿದ ಕೆಲಸದ ಕಾಯಿಲೆಗಳ ಪಟ್ಟಿಯಲ್ಲಿ ಮಣಿಕಟ್ಟಿನಲ್ಲಿ ನರ ಒತ್ತುವ ಈ ಕಾಯಿಲೆ ಇದೆ. ಬಲ ಹಾಕಿ ಮತ್ತೆ ಮತ್ತೆ ಮಾಡುವ ಕೆಲಸದಿಂದ ಬರುತ್ತದೆ ಅಂತ ಸೇರಿಸಿಯೇ ಬರೆದಿದ್ದಾರೆ. 2022ರಲ್ಲಿ ಸುರಕ್ಷಿತ ಕೆಲಸದ ಜಾಗ ಮೂಲ ಹಕ್ಕುಗಳ ಸಾಲಿಗೆ ಸೇರಿತು. ಎಲ್ಲ ಕಾಗದದಲ್ಲಿ ಫಿಟ್.

ಹೋದ ಸಲ ರಾಸಾಯನಿಕದ ವಿವರ ಇರುವ ಕಾಗದ ತೋರಿಸಿ ಅಂತ ಕೇಳಿದ್ದೆ. ಅದರಲ್ಲಿ 16 ಭಾಗ ಇರುತ್ತವೆ. ಒಳಗೆ ಏನಿದೆ ಅಂತ ಮೂರನೆಯದರಲ್ಲಿ, ಯಾವ ಕೈಗವಸು, ಯಾವ ಮಾಸ್ಕ್ ಅಂತ ಎಂಟನೆಯದರಲ್ಲಿ. "ಅದು ಆಫೀಸಲ್ಲಿದೆ, ನಿಮಗೆ ಅರ್ಥ ಆಗಲ್ಲ" ಅಂದರು. ಅರ್ಥ ಆಗುವುದಿಲ್ಲ, ಉಸಿರಾಡಬಹುದು! ತಿನ್ನರಿನಲ್ಲಿ ಕೈ ತೊಳೆಯಬಹುದು, ಚರ್ಮದ ಎಣ್ಣೆಯೆಲ್ಲ ಹೋಗಿ ಬಿರುಕು ಬಿಡಬಹುದು. ಓದಲು ಮಾತ್ರ ಬರುವುದಿಲ್ಲ.

ಕೆಲಸ ಬಿಡಿ ಅಂತ ಬರೆಯುವವರು ದಯವಿಟ್ಟು ಬರೆಯಬೇಡಿ. ಹೆಕ್ಸೇನಿನ ನರದ ತೊಂದರೆ ಕೆಲಸ ಬಿಟ್ಟ ಮೇಲೂ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ ಹೆಚ್ಚುತ್ತಲೇ ಹೋಗಿ ಆಮೇಲೆ ನಿಧಾನಕ್ಕೆ ಇಳಿಯುತ್ತದಂತೆ. ಆ ತಿಂಗಳುಗಳಿಗೆ ಸಂಬಳ ಯಾರು ಕೊಡುತ್ತಾರೆ, ನೀವಾ? ಯೋಗ ಮಾಡಿ ಅಂತಲೂ ಬೇಡ.

ಉತ್ತರ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ. ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಿದರೆ ಅದರ ಕಾಗದವನ್ನು ಈ ಫಿಟ್ ಫಾರಂ ಮುಂದೆ ಇಟ್ಟು ಕೇಳಬಹುದಾ? ಕೆಲಸದಿಂದಲೇ ಬಂದದ್ದು ಅಂತ ಬರೆದುಕೊಡುವ ಡಾಕ್ಟರ್ ಎಂಥವರು, ಅವರನ್ನು ಏನಂತ ಕೇಳಿಕೊಂಡು ಹೋಗಬೇಕು? ಆ ಹೊಸ ಹುಡುಗಿಯನ್ನು ನಾಳೆಯಿಂದ ನನ್ನ ಪಕ್ಕದ ಮೇಜಿಗೆ ಹಾಕುತ್ತಾರೆ. ಬ್ರಷ್ ಹಿಡಿಯುವುದನ್ನು ನಾನೇ ಕಲಿಸಬೇಕಂತೆ. ಡಬ್ಬಿಯಲ್ಲಿ ಏನಿದೆ ಅಕ್ಕಾ ಅಂತ ಅವಳು ಕೇಳಿದರೆ ನಾನು ಏನು ಹೇಳಲಿ?