ಗುವಾ ಶಾ ಮಾಡುವ ಮುಂಚೆ ಮಾತ್ರೆ ಯಾವುದು ಅಂತ ಕೇಳಿ

ನಿನ್ನೆ ಸಂಜೆಯಿಂದ ತಲೆ ಕೆಟ್ಟುಹೋಗಿದೆ. ಕೆಳಗಿನ ಮನೆಯ ಹುಡುಗಿ ಅವಳ ಅಪ್ಪನಿಗೆ ಗುವಾ ಶಾ ಮಾಡುತ್ತಿದ್ದಳು, ಅಂದರೆ ಬೆನ್ನಿಗೆ ಎಣ್ಣೆ ಹಚ್ಚಿ ನುಣುಪು ಕಲ್ಲಿನಿಂದ ತೀಡುವ ಚೀನಾದ ಪದ್ಧತಿ. ಪಕ್ಕದಲ್ಲಿ ಮೊಬೈಲ್, ಅದರಲ್ಲಿ ರೀಲ್. ಹೆಗಲಿಂದ ಕೆಳಗೆ ಕಡುಗೆಂಪು ಪಟ್ಟೆಗಳು, ಎರಡು ಕಡೆ ಆಗಲೇ ನೇರಳೆ. "ನೋಡಿ ಆಂಟಿ, ಎಷ್ಟು ಟಾಕ್ಸಿನ್ ಹೊರಗೆ ಬಂತು!" ಅಂದಳು. ಆ ಮನುಷ್ಯರಿಗೆ ಹೋದ ವರ್ಷ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ದಿನಾ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುತ್ತಾರೆ, ಎರಡೂ ರಕ್ತ ತೆಳು ಮಾಡುವ ಮಾತ್ರೆಗಳು.

ಅದು ಟಾಕ್ಸಿನ್ ಅಲ್ಲ, ರಕ್ತ. ಚರ್ಮದ ಕೆಳಗಿನ ಸಣ್ಣ ಸಣ್ಣ ರಕ್ತನಾಳಗಳು ಒಡೆದು ಸೋರಿದ ರಕ್ತ. ಆರೋಗ್ಯವಾಗಿರುವವರಿಗೆ ಕೆಲವು ದಿನದಲ್ಲಿ ಮಾಯುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಸೋರುವುದೂ ಜಾಸ್ತಿ, ನಿಲ್ಲುವುದೂ ತಡ. ನಾನು ಆಸ್ಪತ್ರೆಯ ವಾರ್ಡ್‌ನಲ್ಲಿ ಕೆಲಸ ಮಾಡುವವಳು. ಇಂಥವರಿಗೆ ಒಂದು ಸೂಜಿ ಚುಚ್ಚಿದರೂ ಹತ್ತಿ ಒತ್ತಿ ಹಿಡಿದು, ನಿಂತಿತಾ ಅಂತ ನೋಡಿಯೇ ಮುಂದಿನ ಬೆಡ್ಡಿಗೆ ಹೋಗುವುದು. ಇಲ್ಲಿ ಇಡೀ ಬೆನ್ನು ತೀಡಿದ್ದಾಳೆ!

ಗುವಾ ಶಾ ಬಗ್ಗೆ ನನಗೆ ತಕರಾರಿಲ್ಲ. ಚೀನಾದ ಮನೆಗಳಲ್ಲಿ ಪಿಂಗಾಣಿ ಚಮಚದಿಂದಲೋ ಎಮ್ಮೆ ಕೊಂಬಿನ ತುಂಡಿನಿಂದಲೋ ಮಾಡುತ್ತಾ ಬಂದಿದ್ದಾರೆ. ಜರ್ಮನಿಯಲ್ಲಿ ಕುತ್ತಿಗೆ ನೋವಿನ 48 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರದ ನಂತರ ನೋವು ಕಡಿಮೆಯಾಗಿದ್ದು ಕಂಡಿತ್ತು. "ತಲೆತಲಾಂತರದಿಂದ ಮಾಡ್ತಿದ್ದಾರೆ, ಏನೂ ಆಗಲ್ಲ" ಅನ್ನುವವರು ಒಂದು ವಿಷಯ ಯೋಚಿಸಿ. ಆ ಕಾಲದಲ್ಲಿ ಕ್ಲೊಪಿಡೊಗ್ರೆಲ್ ನುಂಗುವವರು ಯಾರಿದ್ದರು?

ಜ್ವರಕ್ಕೂ ಇದನ್ನು ಮಾಡುವ ರೂಢಿ ಚೀನಾದಲ್ಲಿದೆ. ನಮ್ಮಲ್ಲಿ ದಯವಿಟ್ಟು ಬೇಡ. ಡೆಂಗಿ ಬಂದರೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಇಳಿಯುತ್ತದೆ, ಸುಮ್ನೆ ಇದ್ದರೂ ಚರ್ಮದಡಿ ರಕ್ತ ಒಸರಬಹುದು. 2024ರಲ್ಲಿ ಕರ್ನಾಟಕ ಸರ್ಕಾರವೇ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು, ನೆನಪಿದೆ ಅಲ್ವಾ? ಮೈಕೈ ನೋವು, ಜ್ವರ ಅಂದರೆ ಮೊದಲು ರಕ್ತಪರೀಕ್ಷೆ.

ರಕ್ತ ತೆಳು ಮಾಡುವ ಮಾತ್ರೆ ಇಲ್ಲ, ಜ್ವರ ಇಲ್ಲ, ಗರ್ಭಿಣಿ ಅಲ್ಲ ಅಂದರೆ ಮಾಡಿಕೊಳ್ಳಿ. ಎಣ್ಣೆ ಧಾರಾಳವಾಗಿರಲಿ. ಕಲ್ಲನ್ನು ಚರ್ಮಕ್ಕೆ ವಾಲಿಸಿ ಹಿಡಿದು, ಒಂದೇ ದಿಕ್ಕಿಗೆ, ಮೆಲ್ಲಗೆ ಎಳೆಯಿರಿ. ನೋವಾದರೆ ಅಲ್ಲಿಗೆ ನಿಲ್ಲಿಸಿ. ಬೆನ್ನುಮೂಳೆಯ ಮೇಲೆ, ಗಂಟಲಿನ ಮುಂಭಾಗದಲ್ಲಿ, ಮಚ್ಚೆ, ಗಾಯ, ಮೊಡವೆ, ಉಬ್ಬಿದ ನರದ ಮೇಲೆ ಬೇಡವೇ ಬೇಡ. ಮುಖಕ್ಕಂತೂ ತೀರಾ ಹಗುರವಾದ ಕೈ ಬೇಕು, ಅಲ್ಲಿ ಒಂದು ಕೆಂಪು ಗುರುತೂ ಉಳಿಯಬಾರದು. ಕಲ್ಲನ್ನು ಪ್ರತಿ ಸಲ ಸೋಪು ಹಾಕಿ ತೊಳೆಯಿರಿ. ಅಂಚು ಚೂರು ಎದ್ದಿದ್ದರೆ ಎಸೆಯಿರಿ. ಒಬ್ಬರ ಕಲ್ಲು ಇನ್ನೊಬ್ಬರಿಗೆ ಬೇಡ.

ಆದರೆ ಇದೆಲ್ಲ ಆಮೇಲಿನ ಮಾತು. ಮೊದಲು ಮಾತ್ರೆ ಕೇಳಿ. ರೀಲ್ ಮಾಡುವವರೇ, ಡಿಸ್ಕೌಂಟ್ ಕೋಡನ್ನು ಎರಡೆರಡು ಸಲ ಹೇಳುತ್ತೀರಿ. ಈ ಒಂದು ಪ್ರಶ್ನೆ ಕೇಳಲು ನಿಮಗೆ ಏನು ಕಷ್ಟ?

ನಿನ್ನೆ ಅದೇ ಮನೆಯಲ್ಲಿ ಇನ್ನೊಬ್ಬರು, "ಹಾಗಾದರೆ ಎರಡು ದಿನ ಮಾತ್ರೆ ಬಿಟ್ಟು ಮಾಡಿಸ್ಕೊಳ್ಳಲಿ" ಅಂದರು. ಎದೆ ಝಲ್ ಅಂತು. ಸ್ಟೆಂಟ್ ಹಾಕಿಸಿಕೊಂಡವರು ಡಾಕ್ಟರ್ ಹೇಳದೆ ಆ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗಬಹುದು. ಬಿಡಬೇಕಾದ್ದು ಕಲ್ಲನ್ನು, ಮಾತ್ರೆಯನ್ನಲ್ಲ.