ಆಧಾರ ಎಲ್ಲಿ ದೊಡ್ಡಪ್ಪ?

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಅದಕ್ಕೆ ನಮ್ಮ ಮಲೆನಾಡಿನವರೂ ಬರೆಯಲಿ ಅಂತ ಕಳೆದ ನವೆಂಬರಿನಲ್ಲಿ ಶಿವಮೊಗ್ಗದಲ್ಲಿ ಒಂದು ಕಾರ್ಯಾಗಾರ ಮಾಡಿದೆವು. ನವೆಂಬರ್ ಅಂದ್ರೆ ಗೊತ್ತಲ್ಲ, ಕನ್ನಡದ ಸೀಸನ್. ದೀಪ ಹಚ್ಚಲು ಐದು ಜನ, ಶಾಲು ಹೊದೆಯಲು ಏಳು ಜನ. ಅಧ್ಯಕ್ಷರು 'ಎಲ್ಲರೂ ಬರೆಯಬೇಕು' ಅಂತ ಒಂದು ಗಂಟೆ ಹೇಳಿ, ಬರೆಯುವ ಹೊತ್ತಿಗೆ ಕಾರು ಹತ್ತಿದರು. ವೈಫೈ ಬಂದಿದ್ದು ಊಟ ಆದ ಮೇಲೆ. ಕೇಸರಿಬಾತ್ ಮಾತ್ರ ಚೆನ್ನಾಗಿತ್ತು.

ಸಂಜೆ ಪ್ರಮಾಣಪತ್ರ ಹಂಚುವಾಗ ಲೆಕ್ಕ ಹಾಕಿದೆ. ಬಂದವರು ಅರವತ್ತು, ಬರೆದ ವಾಕ್ಯ ಒಂದು. ಅದೂ ಒಬ್ಬರು ತಮ್ಮ ಮಾವ ಎರಡು ಸಲ ಪಂಚಾಯಿತಿ ಮೆಂಬರ್ ಆಗಿದ್ದರು ಅಂತ ಸೇರಿಸಿದ್ದು. ರಾತ್ರಿಯೊಳಗೆ ಅದನ್ನೂ ಯಾರೋ ಅಳಿಸಿದ್ದರು.

ತೀರ್ಥಹಳ್ಳಿ ಕಡೆಯಿಂದ ನಮ್ಮ ದೊಡ್ಡಪ್ಪನೂ ಬಂದಿದ್ದರು. ನಲವತ್ತು ವರ್ಷ ಅಡಿಕೆ ತೋಟ ಮಾಡಿದವರು. "ಅಡಿಕೆಯ ಕೊಳೆರೋಗದ ಬಗ್ಗೆ ನಾಲ್ಕು ಸಾಲು ಬರೀರಿ" ಅಂದೆ. "ನಂಗೆಲ್ಲಿ ಬರೆಯೋಕೆ ಬರತ್ತೆ ಮಾರಾಯ!" ಇದೇ ದೊಡ್ಡಪ್ಪ ಹಿಂದಿನ ರಾತ್ರಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ, ಪತ್ರೊಡೆಗೆ ಯಾವ ಕೆಸುವಿನ ಎಲೆ ಆಗಬೇಕು ಅಂತ ಬರೆದಿದ್ದನ್ನು ಓದಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿತ್ತು.

ಆಗ ಹೊಳೆಯಿತು. ನಮ್ಮವರಿಗೆ ಬರೆಯಿರಿ ಅನ್ನಬಾರದು. ತಪ್ಪು ತೋರಿಸಬೇಕು. ಕೊಳೆರೋಗ ಬರದಂತೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆ ಒಂದು ಹಾಳೆಯಲ್ಲಿ ಕರಡು ಗೀಚಿ ಕೊಟ್ಟೆ: 'ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 5 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್).'

"ಯಾವ ದಡ್ಡ ಬರೆದಿದ್ದು ಇದನ್ನ?" ಕನ್ನಡಕ ಹಣೆಗೇರಿತು. "ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ! ಬೇರೆ ಬೇರೆ ಕರಗಿಸಬೇಕು. ಸುಣ್ಣದ ನೀರಿಗೆ ತುತ್ತಿನ ನೀರು ಹಾಕಬೇಕು, ತಿರುಗಾ ಮುರುಗಾ ಅಲ್ಲ. ಆಮೇಲೆ ಕತ್ತಿ ಅದ್ದಿ ನೋಡು. ಕಬ್ಬಿಣ ಕೆಂಪಾಯ್ತು ಅಂದ್ರೆ ಸುಣ್ಣ ಸಾಲಲಿಲ್ಲ ಅಂತ." ಅರ್ಧ ಗಂಟೆ ನಿಲ್ಲಲಿಲ್ಲ. ನಾನು ಟೈಪ್ ಮಾಡುತ್ತಾ ಹೋದೆ. ಇಡೀ ಕಾರ್ಯಾಗಾರದಲ್ಲಿ ಹುಟ್ಟಿದ ನಿಜವಾದ ಲೇಖನ ಅದೊಂದೇ.

"ಆಧಾರ ಬೇಕಲ್ಲ ದೊಡ್ಡಪ್ಪ" ಅಂದೆ.

ಅವರು ಜೇಬಿನಿಂದ ಕಾರ್ಡ್ ತೆಗೆದು ಕೊಟ್ಟರು.

ಆ ಆಧಾರ ಅಲ್ಲ, ವಿಕಿಪೀಡಿಯಕ್ಕೆ ಪುಸ್ತಕವೋ ಪತ್ರಿಕೆಯೋ ಹೀಗೆ ಎಲ್ಲಾದರೂ ಪ್ರಕಟವಾದದ್ದು ಬೇಕು, ಸ್ವಂತ ಅನುಭವ ನಡೆಯಲ್ಲ ಅಂತ ಬಿಡಿಸಿ ಹೇಳಿದೆ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಮೇಲೆ ಬರೆದಿದ್ದಾರೆ, ಅದು ನಡೆಯುತ್ತೆ ಅಂದೆ.

"ಅಲ್ಲ ಮಾರಾಯ, ಕೆನಡಾದಲ್ಲಿ ಅಡಿಕೆ ಬೆಳೀತಾರಾ? ಅವನೂ ನಮ್ಮಂಥ ತೋಟದವರ ಹತ್ರ ಕೇಳ್ಕೊಂಡೇ ಬರೆದಿರಬೇಕು, ಅಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು: "ನೀನು ಎಲ್ಲೋ ಅಂಕಣ ಬರೀತೀಯಲ್ಲ, ಅದು ಆಧಾರ ಆಗತ್ತಾ?"

ಆದ್ದರಿಂದ ಓದುಗರೇ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ.